ಸಟವಿಯ ಬರಹ, ದಫ್ತರದ ಬರಹ

ನಮ್ಮ ಸೀಮೆಯ ಹಳೆಯ ಹೆಂಗಸರನ್ನು ಮಕ್ಕಳೆಷ್ಟು ಎಂದು ಕೇಳಿದರೆ ಒಂದು ಅಂಕಿ ಬರುತ್ತಿರಲಿಲ್ಲ, ಎರಡು ಬರುತ್ತಿದ್ದವು. “ಹಡದದ್ದು ಒಂಬತ್ತು, ಉಳದದ್ದು ನಾಕು” ಎನ್ನುವರು. ನಡುವಿನ ಐದು ಎಲ್ಲಿ ಹೋದವೆಂದು ಕೇಳುವ ಧೈರ್ಯ ಮಾಡಿದರೆ, “ಶಿವ ಕೊಟ್ಟಿದ್ದ, ಶಿವ ಒಯ್ದ” ಎಂದು ಸೆರಗಿನಿಂದ ಮುಖ ಒರೆಸಿಕೊಂಡು ರೊಟ್ಟಿಯ ಹಂಚಿನ ಕಡೆ ತಿರುಗುವರು. ಅವರದು ಕಲ್ಲುಮನಸ್ಸೆಂದು ಯಾರೂ ಹೇಳಲಾರರು. ಒಂದೊಂದು ಸಾವನ್ನೂ ಬೇರೆ ಬೇರೆಯಾಗಿ ನೆನೆಯುತ್ತ ಕುಳಿತರೆ ಎಂಟು ಜನರಿಗೆ ರೊಟ್ಟಿ ಬಡಿಯುವವರು ಯಾರು? ಆದುದರಿಂದ ಐದನ್ನೂ ಒಟ್ಟು ಕೂಡಿಸಿ ದೇವರ ಖಾತೆಗೆ ಜಮಾ ಮಾಡಿಬಿಡುತ್ತಿದ್ದರು.

ಆ ಖಾತೆಯನ್ನು ಬರೆಯುವ ಗುಮಾಸ್ತೆಯೂ ಒಬ್ಬಳುಂಟು. ಮಗು ಹುಟ್ಟಿದ ಐದನೆಯ ದಿನ ಗೊಬ್ಬೂರಿನ ಮನೆಗಳಲ್ಲಿ ಸಟವಿಯ ಪೂಜೆ ನಡೆಯುತ್ತದೆ. ಆ ರಾತ್ರಿ ಸಟವಿ ಬಂದು ಕೂಸಿನ ಹಣೆಯ ಮೇಲೆ ಅದರ ಬಾಳನ್ನೆಲ್ಲ ಬರೆದು ಹೋಗುತ್ತಾಳೆಂದು ನಂಬಿಕೆ. ಆಕೆಗೆ ತೊಂದರೆಯಾಗದಿರಲೆಂದು ಕೆಲವರು ಒಂದು ಹಾಳೆ, ಒಂದು ಲೇಖನಿ ಇಟ್ಟಿರುತ್ತಾರೆ. ದೇವತೆಗೂ ಕಾಗದ ಒದಗಿಸುವ ಈ ಮುಂಜಾಗ್ರತೆ ನನಗೆ ಬಹಳ ಮೆಚ್ಚಿಗೆ. ಆದರೆ ಐದನೆಯ ರಾತ್ರಿಯೇ ಏಕೆ? ಹೊಕ್ಕಳ ಗಾಯದ ಮೂಲಕ ಸೇರುವ ಧನುರ್ವಾಯು ಎಳೆಗೂಸನ್ನು ಹಿಡಿಯುವುದು ಹುಟ್ಟಿದ ಮೂರನೆಯ ದಿನದಿಂದ ಎರಡು ವಾರದೊಳಗೆ. ಬಾಣಂತಿಗೆ ನಂಜು ಏರುವುದೂ ಬಹುಮಟ್ಟಿಗೆ ಮೊದಲ ಹತ್ತು ದಿನಗಳಲ್ಲಿಯೇ. ನಮ್ಮ ಅಜ್ಜಿಯರಿಗೆ ರೋಗದ ಹೆಸರು ತಿಳಿದಿರಲಿಲ್ಲ. ಅದು ಬರುವ ಹೊತ್ತು ಮಾತ್ರ ಚೆನ್ನಾಗಿ ತಿಳಿದಿತ್ತು ಎಂದು ನನಗೆ ತೋರುತ್ತದೆ. ಹೆದರಿಕೆಯ ರಾತ್ರಿಗೆ ಒಬ್ಬ ದೇವತೆಯನ್ನು ಕಾವಲಿಗೆ ಕೂರಿಸಿದರು.

ಸಟವಿಯ ಬರಹವನ್ನು ಒಪ್ಪದೆ, ಪ್ರತಿಯೊಂದು ಸಾವಿಗೂ ಕಾರಣ ಬರೆಯಿಸಬೇಕೆಂದು ಹಟ ಹಿಡಿದವರಲ್ಲಿ ಕನ್ನಡ ನಾಡಿನಲ್ಲಿಯೇ ಹುಟ್ಟಿದ ಒಬ್ಬ ವೈದ್ಯೆ ಇದ್ದರು. ಅವರು ಡಾಕ್ಟರ್ ಜೆರೂಷಾ ಝಿರಾಡ್. ಹೆಸರು ನಮ್ಮ ನಾಲಿಗೆಗೆ ಸುಲಭವಾಗಿ ಹೊರಳದು. ಆದರೆ ಅವರು ಹುಟ್ಟಿದ್ದು 1890ರ ಸುಮಾರಿಗೆ ಶಿವಮೊಗ್ಗೆಯಲ್ಲಿ. ಅವರ ಮನೆತನ ಕೊಂಕಣ ತೀರದ ಬೆನೆ ಇಸ್ರೇಲ್ ಎಂಬ ಯಹೂದಿ ಸಮುದಾಯಕ್ಕೆ ಸೇರಿದ್ದು. ಆ ಜನ ಹಿಂದೆ ಎಣ್ಣೆಯ ಗಾಣ ನಡೆಸುತ್ತಿದ್ದರು. ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ ಊರವರು ಅವರನ್ನು ‘ಶನಿವಾರ ತೇಲಿ’ ಎಂದು ಕರೆದರು. ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡದ ನಮ್ಮ ಕಡೆಯ ಒಕ್ಕಲಿಗೆ ಇದು ಅರ್ಥವಾಗದ ಮಾತೇನಲ್ಲ.

ಜೆರೂಷಾ ಬಾಯಿಯವರ ವಿದ್ಯಾಭ್ಯಾಸ ನಡೆದುದು ಪುಣೆಯಲ್ಲಿ, ಆಮೇಲೆ ಮುಂಬಯಿಯ ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ. ಚಿಕ್ಕವರಿದ್ದಾಗ ಅವರ ಅಕ್ಕನಿಗೆ ಕಾಯಿಲೆ ಬಲವಾಗಿ, ಮುಂಬಯಿಯ ಕಾಮಾ ಆಸ್ಪತ್ರೆಯಲ್ಲಿ ವಾಸಿಯಾಯಿತಂತೆ. ಅಲ್ಲಿಯ ಮುಖ್ಯಸ್ಥೆ ಡಾಕ್ಟರ್ ಆನೆಟ್ ಬೆನ್ಸನ್ ಅವರನ್ನು ಕಂಡ ಹುಡುಗಿ, ತಾನೂ ಡಾಕ್ಟರಾಗುವೆ, ಇದೇ ಆಸ್ಪತ್ರೆಯಲ್ಲಿ ಇರುವೆ ಎಂದು ನಿಶ್ಚಯಿಸಿಕೊಂಡಳು ಎನ್ನುತ್ತಾರೆ. ಮಕ್ಕಳು ದಿನಕ್ಕೊಂದು ನಿಶ್ಚಯ ಮಾಡುತ್ತಾರೆ, ಮರೆಯುತ್ತಾರೆ. ಈ ಹುಡುಗಿ ಮರೆಯಲಿಲ್ಲ.

ಕಾಮಾ ಆಸ್ಪತ್ರೆಯ ವಿಷಯ ಇಲ್ಲಿ ಎರಡು ಮಾತು ಹೇಳಬೇಕು. ಪೆಸ್ತನ್‌ಜಿ ಹೋರ್ಮುಸ್‌ಜಿ ಕಾಮಾ ಎಂಬ ಪಾರ್ಸಿ ದಾನಿಯ ಹಣದಿಂದ 1886ರಲ್ಲಿ ತೆರೆದ ಈ ಆಸ್ಪತ್ರೆ ಹೆಂಗಸರಿಗೂ ಮಕ್ಕಳಿಗೂ ಮೀಸಲು, ಆಗ ನಡೆಸುತ್ತಿದ್ದವರೂ ಹೆಂಗಸರೇ. ಗಂಡು ವೈದ್ಯನಿಗೆ ಕೈ ತೋರಿಸುವುದಕ್ಕಿಂತ ಸಾಯುವುದು ಲೇಸು ಎಂದು ಮನೆಯವರೇ ತೀರ್ಮಾನಿಸುತ್ತಿದ್ದ ಕಾಲ ಅದು. 1885ರಲ್ಲಿ ಸ್ಥಾಪಿತವಾದ ಡಫರಿನ್ ನಿಧಿಯ ಹಿಂದೆಯೂ ಇದೇ ಚಿಂತೆ ಇತ್ತು. ಕಾಮಾದ ಮೊದಲ ಮುಖ್ಯಸ್ಥೆ ಎಡಿತ್ ಪೀಚಿ ಇಂಗ್ಲೆಂಡಿನವರು. ಅಮೆರಿಕೆಯಲ್ಲಿ ವೈದ್ಯ ಪದವಿ ಪಡೆದ ನಮ್ಮ ಆನಂದೀಬಾಯಿ ಜೋಶಿಯವರು 1887ರಲ್ಲಿ, ಕೆಲಸಕ್ಕೆ ಕೈ ಹಚ್ಚುವ ಮೊದಲೇ, ಕ್ಷಯದಿಂದ ತೀರಿಕೊಂಡರು. ನಮ್ಮ ಹೆಣ್ಣುಮಕ್ಕಳು ಆ ಕುರ್ಚಿಯವರೆಗೆ ನಡೆಯಬೇಕಾದ ದಾರಿ ಸಣ್ಣದಾಗಿರಲಿಲ್ಲ.

ಜೆರೂಷಾ ಬಾಯಿ ಆ ದಾರಿಯನ್ನು ನಡೆದರು. ಪ್ರಸೂತಿ ಮತ್ತು ಸ್ತ್ರೀರೋಗಗಳ ವ್ಯಾಸಂಗಕ್ಕೆ ಭಾರತ ಸರಕಾರದ ವಿದ್ಯಾರ್ಥಿವೇತನ ಪಡೆದು ಇಂಗ್ಲೆಂಡಿಗೆ ಹೋದ ಮೊದಲ ಹೆಣ್ಣುಮಗಳು ಅವರು. ಅದು ಮೊದಲನೆಯ ಮಹಾಯುದ್ಧದ ಕಾಲ. ಗಂಡು ವೈದ್ಯರು ರಣರಂಗಕ್ಕೆ ಹೋದುದರಿಂದ ಅಲ್ಲಿಯ ಆಸ್ಪತ್ರೆಗಳಲ್ಲಿ ಹೆಣ್ಣು ವೈದ್ಯರಿಗೆ ಬಾಗಿಲು ತುಸು ಅಗಲವಾಗಿ ತೆರೆದಿತ್ತು. 1919ರಲ್ಲಿ ಲಂಡನ್ ವಿಶ್ವವಿದ್ಯಾಲಯದ ಎಂ.ಡಿ. ಪದವಿ ಅವರ ಕೈಗೆ ಬಂತು. ಸ್ವದೇಶಕ್ಕೆ ಮರಳಿ, 1920ರ ದಶಕದ ಆರಂಭದಲ್ಲಿ ಬೆಂಗಳೂರಿನ ಹೆರಿಗೆ ಆಸ್ಪತ್ರೆಯಲ್ಲಿ ಕೆಲಸ ಮಾಡಿದರು. ಬಳಿಕ ಮುಂಬಯಿಗೆ ಹೋದರು. 1928ರಲ್ಲಿ ಕಾಮಾ ಆಸ್ಪತ್ರೆಯ ಮುಖ್ಯ ವೈದ್ಯಾಧಿಕಾರಿಯಾದರು. 1947ರವರೆಗೆ ಅದೇ ಸ್ಥಾನದಲ್ಲಿದ್ದರು. ಬೆನ್ಸನ್ನರ ಕುರ್ಚಿಯಲ್ಲಿ ಶಿವಮೊಗ್ಗೆಯ ಕೂಸು ಹತ್ತೊಂಬತ್ತು ವರ್ಷ ಕುಳಿತಿತು.

ಇಷ್ಟೇ ಆಗಿದ್ದರೆ ಒಬ್ಬ ಬುದ್ಧಿವಂತೆಯ ಏಳಿಗೆಯ ಕತೆಯೆಂದು ಮೆಚ್ಚಿ ಸುಮ್ಮನಾಗಬಹುದಿತ್ತು. ನನ್ನ ಮನಸ್ಸನ್ನು ಹಿಡಿದಿರುವುದು ಅವರು 1937–38ರಲ್ಲಿ ಮಾಡಿದ ಒಂದು ಕೆಲಸ. ಅದನ್ನು ಹೇಳುವ ಮೊದಲು ನಮ್ಮ ಮನೆಯ ಒಂದು ಸಂಗತಿ ಹೇಳುವುದು ಅವಶ್ಯ.

ನನ್ನ ತಂದೆಗೆ ತಾವು ಹುಟ್ಟಿದ ದಿನ ಗೊತ್ತಿರಲಿಲ್ಲ. ಶಾಲೆಯ ದಫ್ತರದಲ್ಲಿ ಜೂನ್ 1 ಎಂದಿತ್ತು. ಅದು ಹೆಡ್‌ಮಾಸ್ತರರ ಕೃಪೆ. ನಮ್ಮ ಊರಲ್ಲಿ ಒಂದು ತಲೆಮಾರಿನ ಅರ್ಧ ಜನ ಜೂನ್ 1ರಂದೇ ಹುಟ್ಟಿದವರು. 1948ರ ಸೆಪ್ಟೆಂಬರಿನಲ್ಲಿ ಪೊಲೀಸ್ ಆ್ಯಕ್ಷನ್ ಆಗಿ ನಿಜಾಮರ ಆಳಿಕೆ ಮುಗಿದಾಗ ಅವರು ಹತ್ತು ವರ್ಷದವರಿದ್ದರೆಂದು ಹಿರಿಯರು ಹೇಳುತ್ತಿದ್ದರು. ಹಾಗಾದರೆ ಹುಟ್ಟಿದ್ದು 1938. ಅವರು ಹುಟ್ಟಿದ ಎಂಟನೆಯ ದಿನಕ್ಕೆ ಅವರ ತಾಯಿ ತೀರಿಕೊಂಡಳು. ಮಗ್ಗುಲ ಓಣಿಯ ಒಬ್ಬ ಮುಸಲ್ಮಾನ ತಾಯಿ ತನ್ನ ಕೂಸಿನ ಜೊತೆಗೆ ಈ ತಬ್ಬಲಿಗೂ ಮೊಲೆಯುಣಿಸಿ ಉಳಿಸಿದಳು. ಆಕೆ ಇರುವವರೆಗೂ ನನ್ನ ತಂದೆ ರಮಜಾನ್ ದಿನ ಮೊದಲು ಆಕೆಯ ಕಾಲಿಗೆ ಬಿದ್ದು ಬಂದೇ ಊಟಕ್ಕೆ ಕೂಡುತ್ತಿದ್ದರು. ತಾಯಿ ಸತ್ತ ಎಳೆಗೂಸು ಬದುಕುವುದು ಅಪರೂಪವೆಂಬುದು ಊರಿಗೆಲ್ಲ ತಿಳಿದಿತ್ತು.

ತಾಯಿ ಸತ್ತದ್ದು ಯಾತರಿಂದ? ಇದನ್ನು ನಾನು ನನ್ನ ತಂದೆಯ ಸೋದರತ್ತೆಯನ್ನು ಒಮ್ಮೆ ಕೇಳಿದ್ದೆ. ಆಗ ಆಕೆಗೆ ತೊಂಬತ್ತರ ಹತ್ತಿರ ವಯಸ್ಸು.

“ಏನ್ ಆಗಿತ್ತು ಆಯಿ, ಆಕಿಗಿ?”

“ಏನ್ ಆಗ್ತದಪ್ಪಾ? ಬಾಣಂತಿಸನ್ನಿ ಆಯ್ತು. ಮೈ ಕೆಂಡ ಆಗಿತ್ತು, ಏನೇನೋ ಮಾತಾಡ್ತಿದ್ಳು. ಹೋದಳು. ಸಟವಿ ಬರದದ್ದು ಅಷ್ಟೇ ಇತ್ತು.”

ಒಬ್ಬ ಹೆಣ್ಣುಮಗಳ ಸಾವಿನ ಸಂಪೂರ್ಣ ದಾಖಲೆ ಇಷ್ಟು. ಆಕೆಯ ಚಿತ್ರವಿಲ್ಲ, ಸತ್ತ ತಾರೀಖಿಲ್ಲ. ನಿಜಾಮರ ಸರಕಾರದಲ್ಲಿ ಹೊಲದ ಸರ್ವೆ ನಂಬರಿಗೆ ದಫ್ತರವಿತ್ತು. ಗೊಬ್ಬೂರಿನ ಬಾಣಂತಿಗೆ ಇರಲಿಲ್ಲ.

ಸರಿಸುಮಾರು ಅದೇ ವೇಳೆಗೆ, ಕಲಬುರಗಿಯಿಂದ ಒಂದು ರಾತ್ರಿಯ ರೈಲು ಪ್ರಯಾಣದ ದೂರದಲ್ಲಿ, ಡಾಕ್ಟರ್ ಝಿರಾಡ್ ಮುಂಬಯಿ ನಗರದಲ್ಲಿ ತಾಯಂದಿರ ಮರಣದ ಕಾರಣಗಳನ್ನು ಹುಡುಕುವ ತನಿಖೆಯನ್ನು ನಡೆಸುತ್ತಿದ್ದರು. ಇಂಡಿಯನ್ ರಿಸರ್ಚ್ ಫಂಡ್ ಅಸೋಸಿಯೇಶನ್ ಎಂಬ ಸಂಸ್ಥೆ, ಅಂದರೆ ಇಂದಿನ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಹಿಂದಿನ ರೂಪ, ಅದಕ್ಕೆ ಬೆಂಬಲವಾಗಿತ್ತು. ವರದಿ 1941ರಲ್ಲಿ ಅಚ್ಚಾಯಿತು. ಇಂಥ ತನಿಖೆಯ ಹಿಂದಿನ ಭಾವನೆ ಸರಳವಾದದ್ದು. ಬಾಣಂತಿ ಸತ್ತಳು ಎನ್ನುವಲ್ಲಿಗೆ ಮಾತು ಮುಗಿಯಬಾರದು. ಬಸುರಿಯಾಗಿದ್ದಾಗ ಯಾರಾದರೂ ನೋಡಿದ್ದರೆ? ಮುಖದಲ್ಲಿ ರಕ್ತವಿತ್ತೆ? ಕಾಲು ಬಾತಿದ್ದವೆ? ಹೆರಿಗೆ ಯಾರ ಕೈಯಲ್ಲಿ ಆಯಿತು? ಜ್ವರ ಎಂದು ಬಂತು? ಏನು ಮಾಡಿದ್ದರೆ ಉಳಿಯುತ್ತಿದ್ದಳು? ಕೊನೆಯ ಪ್ರಶ್ನೆಯೇ ಮುಖ್ಯವಾದದ್ದು. ಅದನ್ನು ಕೇಳಿದ ಕೂಡಲೆ ಸಾವು ವಿಧಿಯ ಕೈಬಿಟ್ಟು ಮನುಷ್ಯರ ಕೈಗೆ ಬರುತ್ತದೆ. ಕೇಳುವವರಿಗೂ ಅದು ಹಿತವಲ್ಲ. ತಪ್ಪು ಮನೆಯದೋ, ಸೂಲಗಿತ್ತಿಯದೋ, ಕೆಲವೊಮ್ಮೆ ಡಾಕ್ಟರದೇ ಆಗಿರಬಹುದು. ಇಂಗ್ಲೆಂಡಿನಲ್ಲಿ ಡಾಕ್ಟರ್ ಜಾನೆಟ್ ಕ್ಯಾಂಬೆಲ್ ಎಂಬವರು 1924ರಲ್ಲಿ ಇಂಥದೇ ವರದಿ ಬರೆದಿದ್ದರು. ಅವರೂ ವೈದ್ಯೆಯೇ.

ಆ ಕಾಲದ ಇಂಥ ವಿಚಾರಣೆಗಳಲ್ಲೆಲ್ಲ ಮತ್ತೆ ಮತ್ತೆ ಬರುವ ಹೆಸರುಗಳು ಕೆಲವೇ: ನಂಜು, ರಕ್ತಸ್ರಾವ, ರಕ್ತಹೀನತೆ, ಬಸುರಿನಲ್ಲಿ ರಕ್ತದೊತ್ತಡ ಏರಿ ಬರುವ ಸೆಳವು. ನಮ್ಮ ಆಯಿ ಹೇಳಿದ ‘ಸನ್ನಿ’ ಇವುಗಳಲ್ಲಿ ಮೊದಲನೆಯದು. ಅದರ ಬೆಂಕಿಯನ್ನು ಆರಿಸುವ ಸಲ್ಫಾ ಔಷಧವನ್ನು ಲಂಡನ್ನಿನಲ್ಲಿ ಡಾಕ್ಟರ್ ಲೆನರ್ಡ್ ಕೋಲ್‌ಬ್ರೂಕ್ ಬಾಣಂತಿಯರಿಗೆ ಕೊಟ್ಟು ಗುಣ ಕಂಡದ್ದು 1936ರಲ್ಲಿ. ಅಂದರೆ ನನ್ನ ಅಜ್ಜಿ ಸಾಯುವ ಎರಡು ವರ್ಷ ಮೊದಲೇ ಆಕೆಯ ರೋಗಕ್ಕೆ ಮದ್ದು ಲೋಕದಲ್ಲಿತ್ತು. ಈ ಲೆಕ್ಕ ಹಾಕಿದಂದಿನಿಂದ ‘ಸಟವಿ ಬರದದ್ದು ಅಷ್ಟೇ ಇತ್ತು’ ಎಂಬ ಮಾತನ್ನು ನಾನು ಮೊದಲಿನ ಸಮಾಧಾನದಿಂದ ಕೇಳಲಾರೆ.

ರಕ್ತಹೀನತೆಯ ಕತೆಯೂ ಮುಂಬಯಿಯದೇ. 1928ರಿಂದ ಲೂಸಿ ವಿಲ್ಸ್ ಎಂಬ ಇನ್ನೊಬ್ಬ ವೈದ್ಯೆ ಅಲ್ಲಿ ಬಸುರಿಯರ ರಕ್ತಹೀನತೆಯನ್ನು ಅಭ್ಯಾಸ ಮಾಡುತ್ತಿದ್ದರು. ಬಡವರ ಊಟದಲ್ಲಿ ಯಾವುದೋ ಒಂದು ಅಂಶ ಕಡಮೆಯಾಗಿದೆಯೆಂದು ಊಹಿಸಿ, ಹುದುಗಿನಿಂದ ತೆಗೆದ ಅಗ್ಗದ ಸಾರವನ್ನು ಕೊಟ್ಟರು. ಬಿಳಿಚಿದ್ದ ಹೆಂಗಸರ ಮುಖಕ್ಕೆ ಬಣ್ಣ ಬಂತು. ಆ ಅಂಶವೇ ಮುಂದೆ ಫೋಲಿಕ್ ಆಮ್ಲವೆಂಬ ಹೆಸರು ಪಡೆಯಿತು. ಇಂದು ಗೊಬ್ಬೂರಿನ ಬಸುರಿಗೆ ಆಶಾ ಕಾರ್ಯಕರ್ತೆ ಎಣಿಸಿ ಕೊಡುವ ಕಬ್ಬಿಣದ ಗುಳಿಗೆಯಲ್ಲಿ ಅದೂ ಸೇರಿದೆ. ನುಂಗಿದರೆ ವಾಕರಿಕೆ ಬರುತ್ತದೆಂದು ನಮ್ಮ ಸೊಸೆಯಂದಿರು ಅದನ್ನು ಗೂಡಿನಲ್ಲಿ ಮುಚ್ಚಿಡುವುದುಂಟು. ಅದರ ಹಿಂದಿರುವ ವರ್ಷಗಳ ದುಡಿಮೆಯನ್ನು ಯಾರಾದರೂ ಅವರಿಗೆ ಕತೆಯಾಗಿ ಹೇಳಿದರೆ ನುಂಗಿಯಾರೋ ಏನೋ.

ಓದುಗರಲ್ಲಿ ಯಾರಾದರೂ, ‘ಶಿಶುಕಲ್ಯಾಣದ ಮಾತೆತ್ತಿ ತಾಯಿಯ ಕತೆ ಹೇಳುತ್ತಿದ್ದೀರಲ್ಲ’ ಎನ್ನಬಹುದು. ಎರಡೂ ಬೇರೆಯಲ್ಲವೆಂಬುದೇ ಈ ವೈದ್ಯೆಯರು ಕಂಡ ಸತ್ಯ. ನ್ಯೂಯಾರ್ಕಿನ ಡಾಕ್ಟರ್ ಸಾರಾ ಜೋಸೆಫೀನ್ ಬೇಕರ್ 1908ರ ಬೇಸಗೆಯಲ್ಲಿ ಒಂದು ಪ್ರಯೋಗ ಮಾಡಿದರು. ಬಡವರು ಕಿಕ್ಕಿರಿದ ಒಂದು ಭಾಗವನ್ನು ಆರಿಸಿ, ಮಗು ಹುಟ್ಟಿದ ಮನೆಮನೆಗೂ ದಾದಿಯರನ್ನು ಕಳಿಸಿದರು. ದಾದಿಯರ ಕೈಯಲ್ಲಿ ಔಷಧವಿರಲಿಲ್ಲ. ಮೊಲೆಹಾಲೇ ಕೊಡಿ, ಕಿಟಕಿ ತೆರೆಯಿರಿ, ಸೆಕೆಯಲ್ಲಿ ಮಗುವಿಗೆ ಬಟ್ಟೆ ಹೊರಿಸಬೇಡಿ, ದಿನವೂ ಎರೆಯಿರಿ ಎಂದು ತಾಯಂದಿರಿಗೆ ಹೇಳಿಕೊಟ್ಟರು, ಅಷ್ಟೆ. ಹಿಂದಿನ ಬೇಸಗೆಗಿಂತ ಆ ಭಾಗದಲ್ಲಿ 1,200 ಶಿಶುಗಳು ಕಡಮೆ ಸತ್ತವು. ಮಗುವಿಗೆ ರೋಗ ಬರುವ ಮೊದಲೇ ತಾಯಿಯ ಬಳಿಗೆ ಹೋಗಬೇಕು ಎಂಬ ಪಾಠ ಅಲ್ಲಿ ಸಿಕ್ಕಿತು. ಝಿರಾಡ್ ಅವರು ಇನ್ನೂ ಒಂದು ಹೆಜ್ಜೆ ಹಿಂದೆ ಹೋದರು. ಮಗು ಹುಟ್ಟುವ ಮೊದಲೇ ಹೋಗಬೇಕು; ತಾಯಿ ಉಳಿದರಲ್ಲವೆ ಹಾಲು, ಎರೆಯುವ ನೀರು, ಮಾತು! ನನ್ನ ತಂದೆಗೆ ಹಾಲ ತಾಯಿ ಸಿಕ್ಕಳು. ಎಲ್ಲ ಕೂಸುಗಳಿಗೂ ಮಗ್ಗುಲ ಓಣಿಯಲ್ಲಿ ಅಂಥವಳು ಇರುವುದಿಲ್ಲ.

ಇಂಥ ಕತೆ ಹೇಳುವಾಗ ಸೂಲಗಿತ್ತಿಯನ್ನು ಬೈಯುವುದು ಸುಲಭ. ಹಾಗೆ ಮಾಡುವುದು ಅನ್ಯಾಯ. ಪಾವಗಡದ ಕಡೆಯ ಸೂಲಗಿತ್ತಿ ನರಸಮ್ಮನವರು ಸಾವಿರಾರು ಹೆರಿಗೆಗಳನ್ನು ಕೂಲಿ ಕೇಳದೆ ಮಾಡಿಸಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಡಾಕ್ಟರಿಲ್ಲದ ಊರಲ್ಲಿ ನಡುರಾತ್ರಿ ಎದ್ದು ಬಂದವಳು ಅವಳೊಬ್ಬಳೇ. ಅವಳ ಕೈಗೆ ಕುದಿಸಿದ ನೀರು, ಸೋಪು, ಹೊಸ ಬ್ಲೇಡು ಕೊಡದೆ ಇದ್ದವರು ನಾವು. 1994ರಲ್ಲಿ ಥ್ಯಾಡಿಯಸ್ ಮತ್ತು ಮೈನ್ ಎಂಬ ಇಬ್ಬರು ಸಂಶೋಧಕಿಯರು ಬಾಣಂತಿಯ ಸಾವಿಗೆ ಮೂರು ತಡಗಳನ್ನು ಹೆಸರಿಸಿದರು: ಹೋಗೋಣವೆಂದು ನಿರ್ಧರಿಸುವಲ್ಲಿ ತಡ, ಹೋಗಿ ಮುಟ್ಟುವಲ್ಲಿ ತಡ, ಮುಟ್ಟಿದ ಮೇಲೆ ಆರೈಕೆ ಸಿಗುವಲ್ಲಿ ತಡ. ಭೀಮಾ ಸೀಮೆಯ ಎರೆಮಣ್ಣಿನಲ್ಲಿ ಮಳೆಗಾಲದಲ್ಲಿ ಗಾಲಿ ಹೂತು ನಿಂತ ಚಕ್ಕಡಿಯನ್ನು ಕಂಡವರಿಗೆ ಎರಡನೆಯ ತಡವನ್ನು ಪುಸ್ತಕದಿಂದ ಕಲಿಯಬೇಕಾಗಿಲ್ಲ. ಮೊದಲನೆಯದು ಅದಕ್ಕಿಂತ ಕಠಿಣ. ಗಂಡ ದುಡಿಯಲು ಮುಂಬಯಿಗೆ ಹೋಗಿದ್ದಾನೆ, ಮಾವ ಹೊಲದಲ್ಲಿದ್ದಾನೆ. ‘ಒಯ್ರಿ’ ಎಂದು ಹೇಳುವ ಅಧಿಕಾರ ಮನೆಯಲ್ಲಿ ಯಾರಿಗಿದೆ?

ಮುಂಬಯಿಗೆ ದುಡಿಯಲು ಹೋಗುವುದೆಂದೆ. ನಮ್ಮ ಕಡೆಯ ಎಷ್ಟೋ ಸಂಸಾರಗಳು ಬರಗಾಲದಲ್ಲಿ ರೈಲು ಹತ್ತಿ ಬೋರಿಬಂದರಿನಲ್ಲಿ ಇಳಿದವು. ಆ ನಿಲ್ದಾಣದಿಂದ ಕಾಮಾ ಆಸ್ಪತ್ರೆ ಕಾಲ್ನಡೆಯ ದೂರ. ಕಲ್ಲು ಹೊತ್ತು, ಗಾರೆ ಕಲಸಿ, ಆ ಊರಿನ ದವಾಖಾನೆಗಳಲ್ಲಿ ಹಡೆದು, ಕೂಸನ್ನು ಕಟ್ಟಿಕೊಂಡು ಊರಿಗೆ ಬಂದ ಹೆಂಗಸರು ಗೊಬ್ಬೂರಿನಲ್ಲಿ ಇದ್ದಾರೆ. “ಅಲ್ಲಿ ನರ್ಸಬಾಯಿ ಬಯ್ತಾಳ, ಖರೆ, ಸಾಯಾಕ ಬಿಡಂಗಿಲ್ಲ” ಎಂದು ಅವರಲ್ಲೊಬ್ಬಾಕೆ ಹೇಳಿದುದನ್ನು ಕೇಳಿದ್ದೇನೆ. ಆಸ್ಪತ್ರೆಗೆ ಇದಕ್ಕಿಂತ ದೊಡ್ಡ ಪ್ರಶಸ್ತಿಪತ್ರ ನನಗೆ ತಿಳಿಯದು.

ಪ್ರಶಸ್ತಿಗಳು ಝಿರಾಡ್ ಅವರಿಗೂ ಬಂದವು. 1945ರಲ್ಲಿ ಬ್ರಿಟಿಷ್ ಸರಕಾರದ ಎಂ.ಬಿ.ಇ., 1966ರಲ್ಲಿ ಪದ್ಮಶ್ರೀ. ದೇಶದ ಪ್ರಸೂತಿ ತಜ್ಞರ ಸಂಘಗಳ ಒಕ್ಕೂಟ 1950ರಲ್ಲಿ ರೂಪುಗೊಂಡಾಗ ಅದರ ಆರಂಭಿಕ ಅಧ್ಯಕ್ಷರಲ್ಲಿ ಅವರೊಬ್ಬರು. ತೊಂಬತ್ತು ದಾಟಿದ ಮೇಲೆ, 1980ರ ದಶಕದ ಆರಂಭದಲ್ಲಿ ತೀರಿಕೊಂಡರು. ಶಿವಮೊಗ್ಗೆಯವರು ತಮ್ಮ ಊರಿನ ಕವಿಗಳನ್ನು ನೆನೆಯುವಷ್ಟು ಈ ಮಗಳನ್ನು ನೆನೆದಂತೆ ಕಾಣೆ. ಇದಕ್ಕೆ ಅವರನ್ನು ದೂರಲಾಗದು. ಕವಿಯ ಪದ್ಯ ಉಳಿಯುತ್ತದೆ, ಕಟ್ಟಡ ಕಟ್ಟಿಸಿದವನ ಹೆಸರು ಕಲ್ಲಿನಲ್ಲಿ ಇರುತ್ತದೆ. ಸಾಯದೆ ಉಳಿದ ತಾಯಿ ಮಾತ್ರ ತಾನು ಸಾಯಬೇಕಾಗಿತ್ತೆಂದು ಅರಿಯದೆಯೇ ಸಂತೆಗೆ ಹೋಗುತ್ತಾಳೆ.

ಅವರ ಪ್ರಶ್ನೆ ಮಾತ್ರ ಉಳಿದುಕೊಂಡಿತು. ಪ್ರತಿಯೊಬ್ಬ ತಾಯಿಯ ಸಾವನ್ನೂ ವಿಚಾರಿಸಬೇಕೆಂಬ ನಿಯಮ 2010ರಲ್ಲಿ ನಮ್ಮ ದೇಶದಲ್ಲಿ ಮಾರ್ಗಸೂಚಿಯಾಗಿ ಬಂತು. ಸತ್ತವಳ ಮನೆಗೆ ಹೋಗಿ, ಎದುರಿಗೆ ಕುಳಿತು, ಏನಾಯಿತೆಂದು ಕೇಳಿ ಬರೆಯಬೇಕು. 2015ರಲ್ಲಿ ಭಾರತ ಬಾಣಂತಿ ಮತ್ತು ಎಳೆಗೂಸುಗಳ ಧನುರ್ವಾಯುವನ್ನು ನಿವಾರಿಸಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿತು. 2018–20ರ ಗಣನೆಯಲ್ಲಿ ಒಂದು ಲಕ್ಷ ಹೆರಿಗೆಗೆ ದೇಶದಲ್ಲಿ 97, ಕರ್ನಾಟಕದಲ್ಲಿ 69 ತಾಯಂದಿರು ಸತ್ತರು. 2020ರಲ್ಲಿ ಕರ್ನಾಟಕದಲ್ಲಿ ಸಾವಿರ ಶಿಶುಗಳಲ್ಲಿ 19 ವರ್ಷ ತುಂಬುವ ಮೊದಲೇ ಹೋದವು. ನಮ್ಮ ಆಯಿಯ ‘ಒಂಬತ್ತು, ನಾಕು’ಗಳ ಪಕ್ಕದಲ್ಲಿಟ್ಟರೆ ಇದು ಕನಸಿನಂಥ ಅಂಕಿ. ಆದರೆ ರಾಜ್ಯದ ಸರಾಸರಿಯೆಂಬುದು ಜಾಣತನದ ಕಂಬಳಿ. ಮೈಯ ಯಾವ ಭಾಗ ಹೊರಗೆ ಉಳಿದಿದೆಯೆಂದು ಅದು ಹೇಳದು. 2002ರಲ್ಲಿ ನಂಜುಂಡಪ್ಪ ಸಮಿತಿ ಅತ್ಯಂತ ಹಿಂದುಳಿದ 39 ತಾಲೂಕುಗಳನ್ನು ಪಟ್ಟಿ ಮಾಡಿದಾಗ ಅಫಜಲಪುರ, ಆಳಂದ, ಜೇವರ್ಗಿ ಮೂರೂ ಅದರಲ್ಲಿದ್ದವು. ಆದುದರಿಂದ ಇಲ್ಲಿಯ ಪ್ರತಿಯೊಂದು ಸಾವನ್ನೂ ಬೇರೆಯಾಗಿ ಎಣಿಸಿ, ಬೇರೆಯಾಗಿ ಕೇಳುವುದು ಇನ್ನೂ ಮುಗಿದ ಕೆಲಸವಲ್ಲ.

ಸಟವಿಯ ಪೂಜೆ ನಮ್ಮಲ್ಲಿ ನಿಂತಿಲ್ಲ. ನಿಲ್ಲಬೇಕೆಂದು ನನ್ನ ಹಂಬಲವೂ ಅಲ್ಲ. ಆದರೆ ಈಗ ಮಗು ಹುಟ್ಟಿದ ಮೂರನೆಯ ದಿನ ಆಶಾ ಕಾರ್ಯಕರ್ತೆ ಮನೆಗೆ ಬಂದು ಕೂಸನ್ನು ತೂಗಿ, ಮೈ ಮುಟ್ಟಿ, ಹೊಕ್ಕಳು ನೋಡಿ, ಬಾಣಂತಿಗೆ ಜ್ವರವಿದೆಯೇ ಎಂದು ಕೇಳಿ, ತನ್ನ ಪುಸ್ತಕದಲ್ಲಿ ಬರೆದುಕೊಂಡು ಹೋಗುತ್ತಾಳೆ. ಐದನೆಯ ರಾತ್ರಿ ಸಟವಿ ಬರುತ್ತಾಳೆ. ಏಳನೆಯ ದಿನ ಆಶಾ ಮತ್ತೆ ಬರುತ್ತಾಳೆ, ಮೊದಲು ಬರೆದುದು ಸರಿಯಾಗಿದೆಯೋ ಎಂದು ನೋಡಲು.